ನಂಬಿಕೆ ಹೋದ ಮೇಲೆ ಅಂಕಿತದ ಜಾಗದಲ್ಲಿ ಯಾರ ಹೆಸರು ಹಾಕೋದು?

ಮುಳಬಾಗಿಲ ಹಾರ್ಮೋನಿಯಂ:
ನಮ್ಮ ತಾತ ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಶನಿವಾರ ಸಂಜೆ ಅಂದರೆ ಭಜನೆ, ಎರಡು ಮಾತಿಲ್ಲ. ಅದೂ ಅಲ್ಲದೆ ನಮ್ಮ ಮುಳಬಾಗಿಲು ಅಂದರೆ ದಾಸರ ಪದ ಕಟ್ಟಿದ ಶ್ರೀಪಾದರಾಜರ ಊರು. ಮಗ್ಗಿಗಿಂತ ಮೊದಲೇ ದಾಸರ ಪದ ಬಾಯಿಗೆ ಬಂದಿತ್ತು. ಕೈವಾರ ತಾತಯ್ಯನವರ ತೆಲುಗು ಪದಗಳನ್ನೂ ಹಾಡುತ್ತಿದ್ದೆವು, ಅರ್ಥ ಅರ್ಧಂಬರ್ಧ. ನನ್ನ ಕಣ್ಣು ಕಡಲೆ ಉಸಲಿ ಮೇಲೆ ಇರುತ್ತಿತ್ತು ಅನ್ನೋದು ಬೇರೆ ವಿಷಯ.

ಈಗ ನಂಬಿಕೆ ಇಲ್ಲ. ಯಾರ ಮೇಲೋ ಸಿಟ್ಟಾಗಿ ಬಿಟ್ಟಿದ್ದಲ್ಲ. ಗುಡಿ ಮುಂದೆ ಬೈಕ್ ಹೋಗುವಾಗ ಬಲಗೈ ತಾನಾಗೇ ಹ್ಯಾಂಡಲ್ ಬಿಟ್ಟು ಎದೆ ಮುಟ್ಟಿ ಬರುತ್ತಿತ್ತು. ಅದು ಯಾವಾಗ ನಿಂತಿತೋ ಗೊತ್ತಾಗಲೇ ಇಲ್ಲ.

ಇದರ ಬಗ್ಗೆ ಒಂದು ಹಾಡು ಬರೆಯುತ್ತಿದ್ದೇನೆ. ಕೊನೆ ಚರಣದಲ್ಲಿ ಸಿಕ್ಕಿಕೊಂಡಿದ್ದೇನೆ. ಪದ ಕೇಳಿ ಬೆಳೆದ ಕಿವಿ ಅಲ್ಲಿ ಅಂಕಿತ ಕೇಳುತ್ತದೆ, ಅಂದರೆ ಪದ ಕಟ್ಟಿದವರು ತಮ್ಮ ಗುರುತಾಗಿ ಕೊನೆಯಲ್ಲಿ ಹಾಕೋ ದೇವರ ಹೆಸರು. ಶ್ರೀಪಾದರಾಜರಿಗೆ ‘ರಂಗವಿಠಲ’ ಇದ್ದಾನೆ, ತಾತಯ್ಯನವರಿಗೆ ‘ಅಮರನಾರೇಯಣ’. ಆ ಹೆಸರು ಬಂದರೆ ಹಾಡು ದಡ ಸೇರಿತು ಅಂತ. ನನಗೆ ಹಾಕೋಕೆ ಹೆಸರಿಲ್ಲ. ಬಿಟ್ಟರೆ ಅರ್ಧಕ್ಕೇ ನಿಂತ ಹಾಗೆ ಕೇಳಿಸುತ್ತದೆ. ದೇವರನ್ನ ಬೈದು ಮುಗಿಸೋಣ ಅಂದರೆ ಭಾಷಣ ಆಗುತ್ತದೆ. ಏನು ಮಾಡಲಿ?

ಚಿಂತಾಮಣಿ ತಾಳ:
ಬೈಯೋದರಲ್ಲಿ ದಾಸರೇ ನಿಮಗಿಂತ ಮುಂದಿದ್ದಾರೆ. ದೇವರನ್ನ ಬೈಯೋ ಹಾಗೇ ಹೊಗಳೋ ನಿಂದಾಸ್ತುತಿ ಕೇಳಿಲ್ವಾ? ಬೈಯೋಕೂ ಎದುರಿಗೆ ಒಬ್ಬ ಇರಬೇಕು, ಅಲ್ವಾ? ಇಂಗ್ಲೆಂಡಿನ ಎಕ್ಸ್‌ಟಿಸಿ ಬ್ಯಾಂಡ್ 1986ರಲ್ಲಿ ‘ಡಿಯರ್ ಗಾಡ್’ ಅಂತ ಹಾಡು ತಂದಿತು. ಶುರುವಿಗೆ ಪುಟ್ಟ ಹುಡುಗಿಯ ದನಿ, ಆಮೇಲೆ ದೊಡ್ಡವನ ದನಿ. ನಿನ್ನನ್ನ ನಂಬಲ್ಲ ಅಂತ ದೇವರಿಗೇ ಕಾಗದ! ಚೆನ್ನಾಗಿದೆ, ಆದರೆ ಅದು ಜಗಳ. ನಿಮ್ಮದು ಜಗಳ ಅಲ್ಲವಲ್ಲ. ದೇವರ ಸುದ್ದಿಗೇ ಹೋಗಬೇಡಿ, ತಾತನ ಜೊತೆ ಮಾತಾಡಿ. ಬೈಕ್ ಮೇಲಿನ ಆ ಕೈ ಹಾಡಿನಲ್ಲಿದೆಯಾ? ಇಲ್ಲದಿದ್ದರೆ ಮೊದಲು ಅದನ್ನ ಹಾಕಿ.

ಶಿರಾ ಗೇಟ್:
ನಾನು ನಂಬುವವಳು, ಮೊದಲೇ ಹೇಳಿಬಿಡುತ್ತೇನೆ. ಗುಡಿ ಬೇಡ, ದೇಹವೇ ದೇಗುಲ ಅಂದ ಬಸವಣ್ಣನವರೂ ಕೊನೆಗೆ ಕೂಡಲಸಂಗಮದೇವನನ್ನೇ ಕರೆದರು. ಅನುಮಾನಕ್ಕೆಲ್ಲ ಅಲ್ಲಿ ಜಾಗ ಇದೆ, ನಿಮಗೂ ಇದೆ. ಬೇಡವೇ ಬೇಡ ಅಂದರೆ ಸರಿ. ಆದರೆ ಆ ಜಾಗದಲ್ಲಿ ನಿಮ್ಮ ಹೆಸರು ಮಾತ್ರ ಹಾಕಿಕೊಳ್ಳಬೇಡಿ. ಮೆರೆದ ಹಾಗಿರುತ್ತದೆ.

ಗೌರಿಬಿದನೂರು ಪಕ್ಕವಾದ್ಯ:
ಅಂಕಿತದ ಸಾಲು ಬಂದಾಗ ಸುಮ್ಮನಾಗಿ, ಬರೀ ಹಾರ್ಮೋನಿಯಂ ನುಡಿಸಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಕೇಳಬೇಡಿ, ಅದು ಎಲ್ಲರೂ ಮಾಡೋ ಟ್ರಿಕ್ಕು. ಭಜನೆ ನಡೆಯೋ ರೀತಿ ನೆನಪಿಸಿಕೊಳ್ಳಿ. ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಅದನ್ನೇ ಹಾಡುತ್ತಾರೆ. ಹಾಡಿನುದ್ದಕ್ಕೂ ನೀವು ಹೇಳಿಕೊಡಿ. ಅಂಕಿತಕ್ಕೆ ಬಂದಾಗ ನೀವು ಹೇಳಿಕೊಡದೇ ಇದ್ದರೂ ಗುಂಪು ತಾನಾಗೇ ಆ ಹೆಸರು ಹಾಡಲಿ. ನಂಬಿಕೆ ಹೋಗಿರೋದು ನಿಮ್ಮದು ತಾನೇ, ಅವರದ್ದಲ್ಲವಲ್ಲ.

ಮುಳಬಾಗಿಲ ಹಾರ್ಮೋನಿಯಂ:
ಇದು ಕೂತಿತು! ತಾತನ ಜೊತೆಗಿದ್ದವರು ಇನ್ನೂ ಕೆಲವರು ಇದ್ದಾರೆ. ಅವರಿಂದಲೇ ಹಾಡಿಸಿ ರೆಕಾರ್ಡ್ ಮಾಡಬಹುದು. ಅವರ ಗಂಟಲಲ್ಲಿ ‘ರಂಗವಿಠಲ’ ನಿಜವಾಗಿ ಬರುತ್ತದೆ. ನಾನು ಹಾಡಿದರೆ ನಾಟಕ.

ಶಿರಾ ಗೇಟ್:
ಹಾಡು ಯಾವುದರ ಬಗ್ಗೆ ಅಂತ ಅವರಿಗೆ ಮೊದಲೇ ಹೇಳಿ. ಸುಮ್ನೆ ಭಜನೆ ಅಂತ ಕರೆದು ಕೂರಿಸಿದರೆ ಅದು ಮೋಸ.

ಮುಳಬಾಗಿಲ ಹಾರ್ಮೋನಿಯಂ:
ಹೇಳಿಯೇ ಕರೆಯುತ್ತೇನೆ. ತಬಲಾದವರು ಬೈತಾರೆ, ಆದರೆ ಬರ್ತಾರೆ. ರಾಗ ಇನ್ನೂ ಗಟ್ಟಿಯಾಗಿಲ್ಲ. ಮಧ್ಯಮಾವತಿ ಮಾತ್ರ ಬೇಡ. ಆ ರಾಗ ಕೇಳಿದರೆ ಸಾಕು, ಮಂಗಳ ಆಯ್ತು ಅಂತ ಎಲ್ಲರೂ ಎದ್ದು ಚಪ್ಪಲಿ ಹುಡುಕೋಕೆ ಹೋಗ್ತಾರೆ.