ಸಹಾಯ ಬೇಕು: ಪ್ರೊಫೈಲ್ ಲಾಕ್ ಇದ್ದರೆ ಅಭಿಮಾನಿಗಳ ಗುಂಪಿಗೆ ಸೇರಿಸಿಕೊಳ್ಳುವುದಿಲ್ಲವೇ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿರುವ ನನ್ನ ಅಮ್ಮನಿಗೆ, ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಅಭಿಮಾನಿಗಳ ಫೇಸ್‌ಬುಕ್ ಗುಂಪೊಂದಕ್ಕೆ ಸೇರುವ ಆಸೆ. ಚಿತ್ರೀಕರಣ ನಡೆದದ್ದು ಘಾಟಿ ಹತ್ತಿದರೆ ಸಿಗುವ ಆಗುಂಬೆಯಲ್ಲಾದ್ದರಿಂದ ಅದು ನಮ್ಮದೇ ಎಂಬ ಅಭಿಮಾನ ಅವರಿಗೆ. ಖಾಸಗಿ ಗುಂಪಾದ್ದರಿಂದ ಸೇರುವಾಗ ಕೇಳುವ ಪ್ರಶ್ನೆಗಳಿಗೆಲ್ಲ, ಸ್ವಾಮಿಯ ಪಾತ್ರ ಮಾಡಿದವರು ಮಾಸ್ಟರ್ ಮಂಜುನಾಥ್ ಎಂಬುದೂ ಸೇರಿದಂತೆ, ಅಮ್ಮನೇ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತಿ ಉತ್ತರಿಸಿದ್ದಾರೆ. ಆದರೂ ಕೋರಿಕೆ ‘ಪೆಂಡಿಂಗ್’ ಎಂದೇ ಉಳಿದಿದೆ. ರದ್ದುಮಾಡಿ ಮತ್ತೆ ಕಳುಹಿಸಿದರೂ ಪ್ರಯೋಜನವಾಗಿಲ್ಲ. ಅಡ್ಮಿನ್‌ಗೆ ಬರೆದ ಸಂದೇಶಕ್ಕೂ ಉತ್ತರವಿಲ್ಲ. ಅಪರಿಚಿತರ ಕಾಟ ಬೇಡವೆಂದು ಅವರ ಪ್ರೊಫೈಲನ್ನು ಲಾಕ್ ಮಾಡಿ, ಮುಖದ ಬದಲು ರಥಬೀದಿಯ ತೇರಿನ ಚಿತ್ರ ಹಾಕಿದ್ದೇವೆ. ಇದನ್ನು ನೋಡಿ ನಕಲಿ ಖಾತೆಯೆಂದು ಸಂಶಯಪಡುತ್ತಾರೆಯೇ ಎಂಬುದೇ ನನ್ನ ಗೊಂದಲ. ಇಂತಹ ಗುಂಪುಗಳನ್ನು ನಡೆಸಿ ಅನುಭವವಿರುವವರು ದಯವಿಟ್ಟು ತಿಳಿಸಿ: ಒಪ್ಪಿಗೆ ಸಿಗುವವರೆಗಾದರೂ ಲಾಕ್ ತೆಗೆಯಲೇಬೇಕೇ, ಅಥವಾ ಒಳಗಿರುವ ಸದಸ್ಯರೊಬ್ಬರು ಆಹ್ವಾನಿಸಿದರೆ ಸಾಕೇ?