ಮಗಳಿಗೆ ಸ್ಪ್ಯಾನಿಷ್ ಇಮ್ಮರ್ಶನ್‌ನಲ್ಲಿ ಸೀಟು ಸಿಕ್ಕಿದೆ, ಸೇರಿಸೋಣ್ವಾ? ನಿಮ್ಮ ಅನುಭವ ಹೇಳಿ

ಕೇಳಿದವರು

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಮಗಳಿಗೆ ಈ ಆಗಸ್ಟ್‌ಗೆ ಐದು ತುಂಬುತ್ತದೆ. ಸ್ಪ್ಯಾನಿಷ್ ಇಮ್ಮರ್ಶನ್, ಅಂದರೆ ಶಾಲೆಯ ಪಾಠಗಳನ್ನೇ ಸ್ಪ್ಯಾನಿಷ್‌ನಲ್ಲಿ ಹೇಳುವ ಕಿಂಡರ್‌ಗಾರ್ಟನ್‌ಗೆ ಸುಮ್ನೆ ಒಂದು ಅರ್ಜಿ ಹಾಕಿದ್ದೆವು. ಲಾಟರಿಯಲ್ಲಿ ಸೀಟು ಬಂದುಬಿಟ್ಟಿದೆ! ಮುಂದಿನ ಶುಕ್ರವಾರದೊಳಗೆ ಉತ್ತರ ಕೊಡಬೇಕು.

ಮನೆಯಲ್ಲಿ ನಾವಿಬ್ಬರೂ ಕನ್ನಡವನ್ನೇ ಮಾತಾಡುತ್ತೇವೆ. ಡೇಕೇರ್‌ನಲ್ಲಿ ಇಂಗ್ಲಿಷ್ ಕಲಿತಿದ್ದಾಳೆ. ಈಗ ಮೂರನೆಯದು ಸೇರಿದರೆ ಕಲಸುಮೇಲೋಗರ ಆಗಲ್ವಾ? ಇಂಗ್ಲಿಷ್ ಓದುವುದರಲ್ಲಿ ಹಿಂದೆ ಬೀಳುತ್ತಾಳಾ? ನಮಗೆ ಸ್ಪ್ಯಾನಿಷ್ ಒಂದಕ್ಷರವೂ ಬರಲ್ಲ, ಹೋಮ್‌ವರ್ಕ್ ಹೇಗೆ? ಊರಿನಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ "ಕನ್ನಡ ಓದೋಕೇ ಬರಲ್ಲ ಮಗೂಗೆ, ಅದ್ಯಾವ ಭಾಷೇನಮ್ಮಾ ಅದು" ಅನ್ನುತ್ತಾರೆ. ಅವರ ಮಾತೂ ಸರಿ ಅನ್ನಿಸುತ್ತದೆ. ಮಕ್ಕಳನ್ನು ಕಳಿಸಿದವರು ದಯವಿಟ್ಟು ಹೇಳಿ.

ಐದನೇ ಕ್ಲಾಸ್ ಹುಡುಗಿಯ ಅಮ್ಮ

ನಿಮ್ಮ ಜಾಗದಲ್ಲಿ ಆರು ವರ್ಷದ ಹಿಂದೆ ನಾನಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ಇದೇನೋ ಹೊಸ ಪ್ರಯೋಗ, ನಮ್ಮ ಮಕ್ಕಳ ಮೇಲೆ ಮಾಡಿ ನೋಡುತ್ತಿದ್ದಾರೆ ಅಂತ ನನಗೂ ಭಯ ಇತ್ತು. ಹಾಗಲ್ಲ. 1965ರಲ್ಲೇ ಕೆನಡಾದಲ್ಲಿ, ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ, ಇಂಗ್ಲಿಷ್ ಮಾತಾಡುವ ತಂದೆತಾಯಂದಿರು ಪಟ್ಟು ಹಿಡಿದು ಮಕ್ಕಳಿಗೆ ಫ್ರೆಂಚ್‌ನಲ್ಲೇ ಕಿಂಡರ್‌ಗಾರ್ಟನ್ ಶುರು ಮಾಡಿಸಿದರು. ಅದನ್ನು ನೋಡಿ 1971ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯವರು ಸ್ಪ್ಯಾನಿಷ್‌ನಲ್ಲಿ ಶುರು ಮಾಡಿದರು. ಆ ಮಕ್ಕಳು ಈಗ ಅಜ್ಜಿ ತಾತ ಆಗುವ ವಯಸ್ಸಿನವರು.

ನಮ್ಮ ಶಾಲೆಯಲ್ಲಿ ಇರುವುದು ತೊಂಬತ್ತು-ಹತ್ತರ ಪದ್ಧತಿ. ಕಿಂಡರ್‌ಗಾರ್ಟನ್‌ನಲ್ಲಿ ನೂರಕ್ಕೆ ತೊಂಬತ್ತು ಭಾಗ ಸ್ಪ್ಯಾನಿಷ್. ವರ್ಷ ವರ್ಷ ಇಂಗ್ಲಿಷ್ ಜಾಸ್ತಿ ಆಗುತ್ತಾ ನಾಲ್ಕು, ಐದನೇ ಕ್ಲಾಸಿಗೆ ಅರ್ಧ ಅರ್ಧ. ಕೆಲವು ಕಡೆ ಮೊದಲ ದಿನದಿಂದಲೇ ಅರ್ಧ ಅರ್ಧ. ಯೂಟಾ ರಾಜ್ಯದಲ್ಲಿ ಹಾಗೆಯೇ, ಬೆಳಿಗ್ಗೆ ಒಬ್ಬರು ಟೀಚರ್, ಮಧ್ಯಾಹ್ನ ಇನ್ನೊಬ್ಬರು. ನಿಮ್ಮದು ಯಾವುದು ಅಂತ ಮೊದಲು ಕೇಳಿ. ಇಂಗ್ಲಿಷ್ ಓದು ಯಾವಾಗ ಶುರುವಾಗುತ್ತದೆ ಅನ್ನುವುದು ಅದರ ಮೇಲೆ ನಿಂತಿದೆ.

ಮೊದಲ ಮೂರು ತಿಂಗಳು ಮಗಳು ತರಗತಿಯಲ್ಲಿ ಬಾಯೇ ಬಿಡಲಿಲ್ಲ. ಮನೆಗೆ ಬಂದು "ಮಾಎಸ್ತ್ರಾ ಹೇಳಿದ್ದು ಎಲ್ಲಾ ಅರ್ಥ ಆಯ್ತು" ಅನ್ನುತ್ತಿದ್ದಳು. ಮಾಎಸ್ತ್ರಾ ಅಂದರೆ ಟೀಚರಮ್ಮ. ಅರ್ಥ ಆಗುತ್ತದೆ, ಮಾತು ಬರಲ್ಲ. ಇದು ಎಷ್ಟೋ ಮಕ್ಕಳಿಗೆ ಆಗುವುದೇ. ಫೆಬ್ರವರಿಯಲ್ಲಿ ಒಂದು ದಿನ ಸ್ನಾನ ಮಾಡಿಸುವಾಗ ಸೋಪು ಕಣ್ಣಿಗೆ ಹೋಯಿತು. "ಮಿ ಒಹೊ! ಮಿ ಒಹೊ!" ಅಂತ ಕೂಗಿಕೊಂಡಳು. ನನ್ನ ಕಣ್ಣು ಅಂತ. ಅಳುವಾಗ ಬಂದ ಭಾಷೆ ಒಳಗೆ ಇಳಿದಿದೆ ಅಂತ ಅವತ್ತು ನನಗೆ ಗೊತ್ತಾಯಿತು.

ಹೋಮ್‌ವರ್ಕ್ ವಿಷಯ. ಇಲ್ಲಿ ನಮ್ಮ ಕನ್ನಡ ನನ್ನ ಕೈ ಹಿಡಿಯಿತು. ಸ್ಪ್ಯಾನಿಷ್‌ಗೆ ಐದೇ ಸ್ವರ. ಅ, ಎ, ಇ, ಒ, ಉ. ನಮ್ಮವೇ! ಇಂಗ್ಲಿಷಿನ ಹಾಗೆ ಬರೆಯುವುದೊಂದು ಓದುವುದೊಂದು ಅಲ್ಲ. ಅವರ ತ, ದ ನಮ್ಮ ತ, ದಗಳ ಹಾಗೇ ಹಲ್ಲಿಗೆ ತಾಗುತ್ತವೆ. ನ ಮೇಲೆ ಒಂದು ಸಣ್ಣ ಅಲೆ ಹಾಕುತ್ತಾರಲ್ಲ, ಅದು ನಮ್ಮ ಞ. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ಅಕ್ಷರಕ್ಕೆ ಇಲ್ಲಿ ಕೆಲಸ ಸಿಕ್ಕಿತು. ಜೆ ಬಂದರೆ ಹ ಅನ್ನಬೇಕು, ಹೆಚ್ ಬಂದರೆ ಉಚ್ಚಾರವೇ ಇಲ್ಲ, ಎರಡು ಎಲ್ ಒಟ್ಟಿಗೆ ಬಂದರೆ ಹೆಚ್ಚುಕಡಿಮೆ ಯ. ಇಷ್ಟು ಕಲಿತು, ಅವಳ ಕಥೆಪುಸ್ತಕದ ಸಾಲುಗಳ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಅದನ್ನು ನೋಡಿಕೊಂಡು ರಾತ್ರಿ ಗಟ್ಟಿಯಾಗಿ ಓದುತ್ತಿದ್ದೆ. ಅರ್ಥ ಅವಳು ಹೇಳುತ್ತಿದ್ದಳು. ಐದು ವರ್ಷದ ಮಗು ಅಮ್ಮನಿಗೆ ಪಾಠ ಹೇಳುವಾಗ ಅದರ ಮುಖ ನೋಡಬೇಕು ನೀವು.

ವ್ಯಾಕರಣದಲ್ಲೂ ನಮಗೆ ಹತ್ತಿರದ ಸಂಗತಿಗಳಿವೆ. ಇಂಗ್ಲಿಷ್‌ನಲ್ಲಿ "ನಾನು ಮಾವಿನ ಹಣ್ಣನ್ನು ಇಷ್ಟಪಡುತ್ತೇನೆ" ಅನ್ನಬೇಕು. ಸ್ಪ್ಯಾನಿಷ್‌ನಲ್ಲಿ "ಮೆ ಗುಸ್ತಾ ಎಲ್ ಮಾಂಗೊ", ಅಂದರೆ ನನಗೆ ಮಾವಿನ ಹಣ್ಣು ಇಷ್ಟ. ನಾವು ಮಾತಾಡುವ ಹಾಗೇ! ನೀನು, ನೀವು ಇದ್ದ ಹಾಗೆ ಅವರಲ್ಲಿ ತೂ, ಉಸ್ತೆದ್ ಇದೆ. ಅಜ್ಜಿಗೆ ನೀವು ಅನ್ನುವ ಮಗುವಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಕಷ್ಟ ಆಗಿದ್ದು ಲಿಂಗ. ಮೇಜು ಹೆಣ್ಣಂತೆ, ಬೂಟು ಗಂಡಂತೆ. ಅದನ್ನು ಈಗಲೂ ತಪ್ಪುತ್ತಾಳೆ.

ಇನ್ನು ಇಂಗ್ಲಿಷ್. ಎರಡನೇ ಕ್ಲಾಸಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಪಕ್ಕದ ಮನೆಯ ಹುಡುಗ ದಪ್ಪ ದಪ್ಪ ಪುಸ್ತಕ ಓದುತ್ತಿದ್ದ, ಇವಳು ಲೈಬ್ರರಿಯಲ್ಲಿ ಚಿತ್ರದ ಪುಸ್ತಕ ಹಿಡಿದು ಕೂರುತ್ತಿದ್ದಳು. ಆಮೇಲೆ ಯೋಚಿಸಿದೆ. ನಾನೇ ಕನ್ನಡ ಮೀಡಿಯಂನವಳು. ಎ, ಬಿ, ಸಿ, ಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. ಓದುವುದು ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೆ ಹೋಗುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ, ಅಲ್ವಾ? ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಲಾಟರಿಯಲ್ಲಿ ಸೀಟು ಸಿಕ್ಕ ಮಕ್ಕಳನ್ನೂ ಸಿಗದ ಮಕ್ಕಳನ್ನೂ ಹೋಲಿಸಿ ನೋಡಿದ್ದಾರೆ. 2015ರಲ್ಲಿ ಬಂದ ಫಲಿತಾಂಶದ ಪ್ರಕಾರ ಸೀಟು ಸಿಕ್ಕವರು ಇಂಗ್ಲಿಷ್ ಓದುವುದರಲ್ಲಿ ಐದನೇ ಕ್ಲಾಸಿಗೆ ಸುಮಾರು 7 ತಿಂಗಳು, ಎಂಟನೇ ಕ್ಲಾಸಿಗೆ ಸುಮಾರು 9 ತಿಂಗಳ ಕಲಿಕೆಯಷ್ಟು ಮುಂದಿದ್ದರು. ಗಣಿತ, ವಿಜ್ಞಾನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಮ್ಮ ಮನೆಯಲ್ಲಿ ನಾಲ್ಕನೇ ಕ್ಲಾಸಿನ ನಡುವೆ ಎಲ್ಲಾ ಸರಿಹೋಯಿತು. ಈಗ ಪುಸ್ತಕ ಕಿತ್ತುಕೊಂಡು ದೀಪ ಆರಿಸಬೇಕು.

ಆದರೆ ಒಂದು ಷರತ್ತು. ಐದನೇ ಕ್ಲಾಸಿನ ತನಕ ಇರುವ ಮನಸ್ಸಿದ್ದರೆ ಮಾತ್ರ ಸೇರಿಸಿ. ಎರಡನೇ ಕ್ಲಾಸಿನಲ್ಲಿ ಹೆದರಿ ತೆಗೆದರೆ, ಅರ್ಧ ಬೆಂದ ಅನ್ನವನ್ನು ಒಲೆಯಿಂದ ಇಳಿಸಿದ ಹಾಗೆ.

ಮಗನನ್ನು ಬಿಡಿಸಿದ ಅಪ್ಪ

ನಾನು ಎರಡನೇ ಕ್ಲಾಸಿನಲ್ಲಿ ಬಿಡಿಸಿದವನು. ಮೇಲಿನವರು ಹೇಳಿದ್ದು ಸರಿಯೇ. ನನ್ನ ಅನುಭವವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಮಗ ಸ್ಪ್ಯಾನಿಷ್‌ನಲ್ಲಿ ತಪ್ಪಿಲ್ಲದೆ ಓದುತ್ತಿದ್ದ. ಆದರೆ ತುಂಬಾ ನಿಧಾನ. ಒಂದೊಂದು ಅಕ್ಷರ ಕೂಡಿಸಿ ಕೂಡಿಸಿ, ಸಾಲು ಮುಗಿಯುವಷ್ಟರಲ್ಲಿ ಬೆವರುತ್ತಿದ್ದ. ಶಾಲೆಯಲ್ಲಿ ಕೇಳಿದಾಗಲೆಲ್ಲ "ಮನೆಯಲ್ಲಿ ಬೇರೆ ಭಾಷೆ, ಇಲ್ಲಿ ಎರಡು ಭಾಷೆ, ನಿಧಾನ ಆಗುತ್ತದೆ, ಕಾಯಿರಿ" ಅಂದರು. ಎರಡು ವರ್ಷ ಕಾದೆವು. ಕೊನೆಗೆ ಹೊರಗಡೆ ಪರೀಕ್ಷೆ ಮಾಡಿಸಿದಾಗ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದುವುದರಲ್ಲೇ ಇರುವ ತೊಂದರೆ, ಅಂತ ಗೊತ್ತಾಯಿತು.

ಇಮ್ಮರ್ಶನ್‌ನಿಂದ ಅದು ಬಂದಿಲ್ಲ. ಯಾವ ಶಾಲೆಗೆ ಹೋಗಿದ್ದರೂ ಇರುತ್ತಿತ್ತು. ಸ್ಪ್ಯಾನಿಷ್ ಬರೆದ ಹಾಗೇ ಓದುವ ಭಾಷೆ ಆಗಿದ್ದರಿಂದ ತಪ್ಪುಗಳು ಕಾಣಲಿಲ್ಲ, ನಿಧಾನ ಮಾತ್ರ ಕಾಣುತ್ತಿತ್ತು. ನಾವು ಅದನ್ನು ಭಾಷೆಗಳ ತಲೆಗೆ ಕಟ್ಟಿದೆವು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಆ ಎರಡು ವರ್ಷಕ್ಕೆ. ಮಗು ಓದುವಾಗ ಕಷ್ಟಪಡುವುದು ಕಂಡರೆ, "ಮೂರು ಭಾಷೆ ಅಲ್ವಾ" ಅಂತ ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಮಗುವನ್ನು ಪರೀಕ್ಷೆ ಮಾಡಿಸಿ ಅಂತ ಶಾಲೆಗೆ ಬರೆದು ಕೇಳಿ. ಸ್ಪ್ಯಾನಿಷ್‌ನಲ್ಲಿ ಓದಿನ ತೊಂದರೆ ಗುರುತಿಸಬಲ್ಲವರು ಶಾಲೆಯಲ್ಲಿ ಇದ್ದಾರಾ ಅಂತ ಈಗಲೇ ವಿಚಾರಿಸಿ. ಇದ್ದಿದ್ದರೆ ನಾವೂ ಬಿಡಿಸುತ್ತಿರಲಿಲ್ಲ.

ಇನ್ನೊಂದು ತಪ್ಪು ನಾವೇ ಮಾಡಿದ್ದು. ಆ ಗಾಬರಿಯಲ್ಲಿ ಮನೆಯಲ್ಲಿ ಇಂಗ್ಲಿಷ್‌ಗೆ ಬದಲಾದೆವು. ಮಗನ ಓದು ಅದರಿಂದ ಏನೂ ಸುಧಾರಿಸಲಿಲ್ಲ. ಕನ್ನಡ ಮಾತ್ರ ಹೋಯಿತು. ಈಗ ಅಜ್ಜನ ಜೊತೆ ಫೋನ್‌ನಲ್ಲಿ "ಹೂಂ ತಾತ, ಚೆನ್ನಾಗಿದೀನಿ ತಾತ" ಅಷ್ಟೇ. ಆಮೇಲೆ ಫೋನ್ ನನ್ನ ಕೈಗೆ ಕೊಡುತ್ತಾನೆ.

ಎರಡು ಭಾಷೆಯ ತರಗತಿಯಲ್ಲಿ ಸಹಾಯಕಿ

ನಾನು ಇಂಥದೇ ಶಾಲೆಯೊಂದರಲ್ಲಿ ನಾಲ್ಕು ವರ್ಷದಿಂದ ಟೀಚರ್‌ಗೆ ಸಹಾಯಕಿ. ನಮ್ಮದು ಡ್ಯುಯಲ್ ಲ್ಯಾಂಗ್ವೇಜ್. ಅಂದರೆ ತರಗತಿಯಲ್ಲಿ ಮನೆಮಾತೇ ಸ್ಪ್ಯಾನಿಷ್ ಆಗಿರುವ ಮಕ್ಕಳೂ ಇರುತ್ತಾರೆ. ನಿಮ್ಮ ಶಾಲೆಯಲ್ಲಿ ಅಂಥವರು ಎಷ್ಟು ಮಂದಿ ಅಂತ ಕೇಳಿ. ನನ್ನ ದೃಷ್ಟಿಯಲ್ಲಿ ಬೇರೆಲ್ಲ ಪ್ರಶ್ನೆಗಿಂತ ಇದು ದೊಡ್ಡದು.

ಯಾಕೆ ಅಂತ ಹೇಳುತ್ತೇನೆ. ನಮ್ಮ ಮೂರನೇ ಕ್ಲಾಸಿನ ಮಕ್ಕಳು ಪಾಠದಲ್ಲಿ ಚೆನ್ನಾಗಿ ಸ್ಪ್ಯಾನಿಷ್ ಮಾತಾಡುತ್ತಾರೆ. ಆಟದ ಗಂಟೆ ಹೊಡೆಯುತ್ತದೆ. ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟಿರುವುದಿಲ್ಲ, ಬಾಯಲ್ಲಿ ಇಂಗ್ಲಿಷ್! ಟೀಚರ್ ಜೊತೆ ಮಾತ್ರ ಆಡುವ ಭಾಷೆಯಲ್ಲಿ ಮಗು ಉತ್ತರ ಹೇಳಲು ಕಲಿಯುತ್ತದೆ. ಜಗಳ ಆಡಲು, ಗುಟ್ಟು ಹೇಳಲು, ನಗಿಸಲು ಕಲಿಯುವುದು ಗೆಳೆಯರಿಂದ. ಕೆನಡಾದಲ್ಲೂ ಇದನ್ನೇ ಕಂಡಿದ್ದಾರೆ. ಫ್ರೆಂಚ್ ಕೇಳಿ ಅರ್ಥ ಮಾಡಿಕೊಳ್ಳುವುದು ತುಂಬಾ ಚೆನ್ನಾಗಿ ಬರುತ್ತದೆ, ಮಾತು ಬರಹ ಅಷ್ಟು ಪಳಗುವುದಿಲ್ಲ. ಹಾಗಾಗಿ ಮಗಳಿಗೆ ಸ್ಪ್ಯಾನಿಷ್ ಮನೆಯ ಒಬ್ಬ ಗೆಳತಿ ಸಿಗಲಿ. ಹುಟ್ಟುಹಬ್ಬಕ್ಕೆ ಕರೆಯಿರಿ, ಅವರ ಮನೆಗೆ ಹೋಗಿ.

ಒಂದು ವಿಷಯ ಮನಸ್ಸಿಗೆ ಹತ್ತಿರದ್ದು. 1963ರಲ್ಲಿ ಮಯಾಮಿಯ ಕೋರಲ್ ವೇ ಶಾಲೆಯಲ್ಲಿ ಕ್ಯೂಬಾದಿಂದ ಬಂದ ಕುಟುಂಬಗಳ ಮಕ್ಕಳೂ ಅಮೆರಿಕದ ಮಕ್ಕಳೂ ಒಟ್ಟಿಗೆ ಎರಡೂ ಭಾಷೆಯಲ್ಲಿ ಓದಿದರು. ಚಂದದ ಶುರುವಾತು ಅದು. ಆದರೆ ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಮತ ಹಾಕಿ, ಇಂಗ್ಲಿಷ್ ಬರದ ಮಕ್ಕಳಿಗೆ ಮನೆಮಾತಿನಲ್ಲಿ ಪಾಠ ಹೇಳುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟರು. 2016ರಲ್ಲಿ ಮತ್ತೆ ಮತ ಹಾಕಿ ಆ ಅಡ್ಡಿ ತೆಗೆದರು. ಶಾಲೆಯಲ್ಲಿ ಮನೆಮಾತು ಆಡಲು ಹಿಂಜರಿದು ಬೆಳೆದ ಅಮ್ಮಂದಿರನ್ನು ನಾನು ಗೇಟಿನ ಹತ್ತಿರ ದಿನಾ ನೋಡುತ್ತೇನೆ. ಅವರ ಮಕ್ಕಳ ಭಾಷೆಯನ್ನೇ ನಮ್ಮ ಮಕ್ಕಳು ಕಲಿಯುತ್ತಿರುವುದು. ಅವರಿಗೆ ನಮಸ್ಕಾರ ಹೇಳಿ, ಮಾತಾಡಿಸಿ. ಮುರುಕು ಸ್ಪ್ಯಾನಿಷ್ ಆದರೂ ಪರವಾಗಿಲ್ಲ.

ಕಳೆದ ನವೆಂಬರ್‌ನಲ್ಲಿ ತೀರಿಕೊಂಡವರ ನೆನಪಿನ ಹಬ್ಬಕ್ಕೆ ತರಗತಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪೀಠ ಕಟ್ಟಿದ್ದೆವು. ಮೆಕ್ಸಿಕೋದವರ ಹಬ್ಬ. ಫೋಟೋ, ದೀಪ, ತೀರಿಕೊಂಡವರಿಗೆ ಇಷ್ಟವಾದ ತಿಂಡಿ. ಒಬ್ಬ ಕನ್ನಡದ ಹುಡುಗ ತಾತನ ಫೋಟೋ ತಂದ, ಜೊತೆಗೆ ಒಂದು ಪೊಟ್ಟಣ ಕೋಡುಬಳೆ. ಸುತ್ತ ಸೆಂಪಾಸೂಚಿಲ್ ಹೂ ಹರಡಿದ್ದರು. ಅಂದರೆ ನಮ್ಮ ಚೆಂಡು ಹೂ. ಮೆಕ್ಸಿಕೋದ ಕಡೆಯಿಂದಲೇ ನಮ್ಮ ದೇಶಕ್ಕೆ ಬಂದ ಹೂ ಅದು. ಆ ಹುಡುಗ ಟೀಚರ್‌ಗೆ ಸ್ಪ್ಯಾನಿಷ್‌ನಲ್ಲಿ ಹೇಳಿದ: "ನಮ್ಮನೇಲೂ ಹಿರಿಯರಿಗೆ ಎಡೆ ಇಡ್ತೀವಿ." ಎಡೆ ಅನ್ನುವುದಕ್ಕೆ ಮಾತು ಸಿಗದೆ ಕನ್ನಡದಲ್ಲೇ ಹೇಳಿದ. ಟೀಚರ್ ಆ ಪದವನ್ನು ಬೋರ್ಡ್ ಮೇಲೆ ಬರೆದರು.

ಟೆಕ್ಸಾಸ್‌ನಿಂದ, ಮಗ ಈಗ ಕಾಲೇಜು

ಚಿಕ್ಕದಾಗಿ ಹೇಳುತ್ತೇನೆ. ಎಂಟನೇ ಕ್ಲಾಸಿನ ತನಕ ಅರಳು ಹುರಿದಂತೆ ಮಾತಾಡುತ್ತಿದ್ದ. ಹೈಸ್ಕೂಲಿನಲ್ಲಿ ಮುಂದುವರಿಸುವ ತರಗತಿ ಇರಲಿಲ್ಲ, ಎರಡೇ ವರ್ಷದಲ್ಲಿ ಮಾತು ತುಕ್ಕು ಹಿಡಿಯಿತು. ಬೇಸಿಗೆಯಲ್ಲಿ ಒಂದು ಕ್ಲಿನಿಕ್‌ನಲ್ಲಿ ಸ್ವಯಂಸೇವಕನಾಗಿ ಹೋದ ಮೇಲೆ ಮತ್ತೆ ಬಂತು. ಅಲ್ಲಿ ಬರುವ ಅಜ್ಜಿಯರಿಗೆ ಇವನ ಸ್ಪ್ಯಾನಿಷ್ ಬೇಕಿತ್ತು, ಅದಕ್ಕೇ ಬಂತು. ಐದನೇ ಕ್ಲಾಸ್ ಆದಮೇಲೆ ಮುಂದೇನು ಅಂತ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಡಿಸ್ಟ್ರಿಕ್ಟ್‌ನವರನ್ನು ಕೇಳಿ. ಹೈಸ್ಕೂಲ್ ಮುಗಿಸುವಾಗ ಎರಡು ಭಾಷೆ ಬಲ್ಲವರ ಡಿಪ್ಲೊಮಾ ಮೇಲೆ ಸೀಲ್ ಆಫ್ ಬೈಲಿಟರಸಿ ಎಂಬ ಮುದ್ರೆ ಹಾಕುತ್ತಾರೆ. 2011ರಲ್ಲಿ ಅದಕ್ಕೆ ಮೊದಲು ಕಾನೂನು ಮಾಡಿದ್ದು ನಿಮ್ಮ ರಾಜ್ಯವೇ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಸಲ ಓದಿದೆ, ಯಜಮಾನರಿಗೂ ಓದಿಸಿದೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಕನ್ನಡ ಓದು ಬರಹ? ಇನ್ನೊಂದು ಲಿಪಿಗೆ ಸಮಯ ಎಲ್ಲಿ?

ಐದನೇ ಕ್ಲಾಸ್ ಹುಡುಗಿಯ ಅಮ್ಮ

ಇದನ್ನು ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಅತ್ತೆಯವರ ಮಾತು ಮನಸ್ಸಿನಲ್ಲೇ ಇತ್ತು.

ಇಂಗ್ಲಿಷ್‌ಗೆ ಇಡೀ ದೇಶ ಇದೆ. ಸ್ಪ್ಯಾನಿಷ್‌ಗೆ ಶಾಲೆ ಇದೆ, ಈ ದೇಶದಲ್ಲಿ ಮನೆಯಲ್ಲಿ ಅದನ್ನಾಡುವವರು ನಾಲ್ಕು ಕೋಟಿಗೂ ಜಾಸ್ತಿ. ನಿಮ್ಮ ಮಗಳ ಕನ್ನಡಕ್ಕೆ ಇರುವುದು ನೀವಿಬ್ಬರು, ಒಂದು ಫೋನು. ಹಾಗಾಗಿ ಶಾಲೆ ಯಾವುದೇ ಆಗಲಿ, ಮನೆಯೊಳಗೆ ಕನ್ನಡ ಬಿಡಬೇಡಿ. ಮಗಳು ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟರೂ ನೀವು ಕನ್ನಡದಲ್ಲೇ ಮುಂದುವರಿಸಿ. ಗದರಿಸಬೇಡಿ.

ಲಿಪಿಯನ್ನು ನಾನು ಕೂರಿಸಿ ಕಲಿಸಲಿಲ್ಲ. ಕಥೆಪುಸ್ತಕದ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆ ಅಂದೆನಲ್ಲ, ಅದನ್ನು ನೋಡಿ "ಇದು ಯಾವ ಅಕ್ಷರ" ಅಂತ ಅವಳೇ ಕೇಳತೊಡಗಿದಳು. ಸಪಾತೊ ಅಂತ ಬರೆದಿದ್ದೆ, ಅಂದರೆ ಬೂಟು. ಸ, ಪಾ, ತೊ. ಮೂರು ಅಕ್ಷರ ಹೇಳಿಕೊಟ್ಟೆ. ಮರುದಿನ ಕಾಯೆ, ಅಂದರೆ ಬೀದಿ. ಆಮೇಲೆ ಇಹಾ, ಅಂದರೆ ಮಗಳು. ಆರು ತಿಂಗಳಲ್ಲಿ ಕಾಗುಣಿತ ಬಂತು. ಆಮೇಲೆ ಭಾನುವಾರದ ಕನ್ನಡ ತರಗತಿಗೆ ಹಾಕಿದೆವು. ಒತ್ತಕ್ಷರಕ್ಕೆ ಇನ್ನೊಂದು ವರ್ಷ ಹಿಡಿಯಿತು.

ಕೇಳಿದವರು

ಇವತ್ತು ಬೆಳಿಗ್ಗೆ ಸೀಟಿಗೆ ಹೂಂ ಅಂದೆವು. ಕಚೇರಿಯವರನ್ನು ಮೂರು ವಿಷಯ ಕೇಳಿದೆ. ತರಗತಿಯಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳು ಸುಮಾರು ಮೂರನೇ ಒಂದು ಭಾಗ. ಮಿಡ್ಲ್ ಸ್ಕೂಲಿನಲ್ಲಿ ಮುಂದುವರಿಯುತ್ತದೆ. ಓದಿನ ತೊಂದರೆ ಗುರುತಿಸುವವರ ಬಗ್ಗೆ ಉತ್ತರ ಸಿಗಲಿಲ್ಲ. ಸೋಮವಾರ ಪ್ರಿನ್ಸಿಪಾಲರಿಗೆ ಬರೆದು ಕೇಳುತ್ತೇನೆ.

ಅತ್ತೆಗೂ ಫೋನ್ ಮಾಡಿದೆ. ಟೀಚರ್‌ಗೆ ಮಾಎಸ್ತ್ರಾ ಅನ್ನುತ್ತಾರೆ ಅಂದೆ. "ಮೇಸ್ತ್ರಿ ಅಂದ ಹಾಗಾಯ್ತಲ್ಲೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಸಪಾತೊ ಅಂತ ಹೇಗೆ ಬರೆಯಬೇಕು ಅಂತ ಕೇಳಿದರು. ದಿನಾ ಸಂಜೆ ವಿಡಿಯೋದಲ್ಲಿ ಒಂದು ಅಕ್ಷರ ತಾವೇ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾರಂತೆ. ನಾಳೆ ಸ.