ಸಿಕ್ಲಿಡ್ ಟ್ಯಾಂಕ್ ಹೊಸದಾಗಿ ಇಡುವವರಿಗೆ: ಮೀನು ಡಾಕ್ಟರ್ ಜೊತೆ ಪ್ರಶ್ನೋತ್ತರ

(ಮುಂಬೈ ಕನ್ನಡಿಗರ ಅಕ್ವೇರಿಯಂ ಗುಂಪು. ಹೆಸರಿನ ಬದಲು ಏರಿಯಾ ಹಾಕಿದೆ. ಸಿಕ್ಲಿಡ್ ಅಂದರೆ ಮೀನಿನ ಒಂದು ಕುಟುಂಬ. ಕೆಳಗೆ ಬರುವ ಆಸ್ಕರ್, ರೆಡ್ ಜೀಬ್ರಾ, ಫ್ಲವರ್‌ಹಾರ್ನ್ ಎಲ್ಲ ಅದೇ ಕುಟುಂಬದವು.)

ಮುಲುಂಡ್: ನಮಸ್ಕಾರ ಡಾಕ್ಟ್ರೇ. ಮಗಳಿಗೆ ಬಣ್ಣದ ಆಫ್ರಿಕನ್ ಸಿಕ್ಲಿಡ್ ಬೇಕಂತೆ. ನಮಗೆ ಇದು ಮೊದಲ ಟ್ಯಾಂಕ್. ಎಷ್ಟು ದೊಡ್ಡದು ತರಬೇಕು? ನಲ್ಲಿ ನೀರು ಆಗುತ್ತಾ?

ಡಾಕ್ಟರ್: ನಮಸ್ಕಾರ. ಆಫ್ರಿಕಾದ ಮಲಾವಿ ಸರೋವರದ ಮೀನಾದರೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇರಲಿ. ಸುಮಾರು 250 ಲೀಟರ್. ಅಂದರೆ ನೀರೇ 250 ಕಿಲೋ, ಕಲ್ಲು ಗಾಜು ಬೇರೆ. ಗೋಡೆ ಪಕ್ಕ ಇಡಿ, ಬಾಲ್ಕನಿಯಲ್ಲಿ ಬೇಡ. ನಿಮ್ಮ ನಲ್ಲಿಗೆ ಬರುವುದು ತಾನ್ಸಾ, ಭಾತ್ಸಾ ಜಲಾಶಯಗಳ ಮಳೆ ನೀರು. ಅದು ಮೆದು ನೀರು, ಅಂದರೆ ಸುಣ್ಣದಂಥ ಖನಿಜ ಕಡಿಮೆ. ಈ ಮೀನಿಗೆ ಖನಿಜ ಜಾಸ್ತಿ ಇರುವ ಗಡಸು ನೀರು ಬೇಕು, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.8ರಿಂದ 8.6. ಮರ್ವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಕುದಿಸಿ, ತೊಳೆದು, ಜಜ್ಜಿ, ಬಟ್ಟೆಯಲ್ಲಿ ಕಟ್ಟಿ ಫಿಲ್ಟರ್ ಒಳಗಿಡಿ. ಗಡಸುತನ, ಪಿಎಚ್ ನಿಧಾನವಾಗಿ ಏರುತ್ತದೆ. ಅಡುಗೆ ಉಪ್ಪಿನಿಂದ ನೀರು ಗಡಸಾಗುವುದಿಲ್ಲ.

ಮುಲುಂಡ್: ಮೀನು ಈ ಶನಿವಾರ ತರಬಹುದಾ?

ಡಾಕ್ಟರ್: ಬೇಡ. ಕ್ಲೋರಿನ್ ತೆಗೆದ ನೀರು ತುಂಬಿಸಿ, ಫಿಲ್ಟರ್ ಓಡಿಸಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಬರುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯಲು 4ರಿಂದ 6 ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದ ಆಗುವ ನೈಟ್ರೈಟ್ (ಅದೂ ವಿಷವೇ) ಎರಡೂ ಸೊನ್ನೆಗೆ ಇಳಿದ ಮೇಲೆ ಮೀನು. ಪಿಎಚ್ ಏರಿದಷ್ಟೂ ಅಮೋನಿಯಾ ಜಾಸ್ತಿ ವಿಷ. ಅದಕ್ಕೇ ಹೊಸ ಟ್ಯಾಂಕ್‌ನಲ್ಲಿ ಈ ಮೀನು ಬೇಗ ಸಾಯುತ್ತದೆ.

ಘಾಟ್ಕೋಪರ್: 2 ಅಡಿ ಟ್ಯಾಂಕ್‌ಗೆ ಎರಡು ಆಸ್ಕರ್ ಹಾಕಬಹುದಾ ಸರ್?

ಡಾಕ್ಟರ್: ಇಲ್ಲ. ಆಸ್ಕರ್ ಒಂದೊಂದೂ ಒಂದಡಿ ಬೆಳೆಯುತ್ತದೆ.

ಕಾಂದಿವಲಿ: ಡಾಕ್ಟ್ರೇ, ಅರ್ಜೆಂಟ್. ನಾಲ್ಕು ತಿಂಗಳು ಚೆನ್ನಾಗಿದ್ದ ರೆಡ್ ಜೀಬ್ರಾ ಮೂರು ದಿನದಿಂದ ಏನೂ ತಿನ್ನುತ್ತಿಲ್ಲ. ಕಾಳು ಬಾಯಿಗೆ ಹಾಕಿಕೊಂಡು ಉಗುಳುತ್ತದೆ. ಹೊಟ್ಟೆ ಉಬ್ಬಿದೆ. ಹಿಂದೆ ಬಿಳಿ ದಾರದ ಹಾಗೆ ಜೋತಾಡುತ್ತಿದೆ.

ವಾಶಿ: ಅಕ್ಕಾ, ಹೆದರಬೇಡಿ. ಈ ಮೆಸೇಜ್ ನೋಡಿ: "ಚಿಟಿಕೆ ಅರಿಶಿನ, ಹಿಡಿ ಕಲ್ಲುಪ್ಪು, ಒಂದು ತಾಮ್ರದ ನಾಣ್ಯ ಹಾಕಿದರೆ ಮೀನಿನ ಎಲ್ಲ ರೋಗ ಮಾಯ."

ಡಾಕ್ಟರ್: ಇದನ್ನು ಯಾರೂ ಮಾಡಬೇಡಿ. ತಾಮ್ರ ನೀರಿಗೆ ಬಿಟ್ಟುಕೊಂಡರೆ ಮೀನಿಗೆ ವಿಷ, ಮೆದು ನೀರಿನಲ್ಲಿ ಇನ್ನೂ ಜಾಸ್ತಿ. ಕಾಂದಿವಲಿ ಅಕ್ಕ, ಏನು ತಿನ್ನಿಸುತ್ತಿದ್ದಿರಿ? ಹೊಸ ಮೀನು ಬಿಟ್ಟಿರಾ? ಅಮೋನಿಯಾ ಎಷ್ಟು?

ಕಾಂದಿವಲಿ: ಅಮೋನಿಯಾ, ನೈಟ್ರೈಟ್ ಸೊನ್ನೆ. ಎರಡೂ ಹೊತ್ತು ಒಣ ಬ್ಲಡ್‌ವರ್ಮ್ (ಕೆಂಪು ಹುಳು), ಆಸೆಪಟ್ಟು ತಿನ್ನುತ್ತಿತ್ತು. ಹೋದ ವಾರ ಒಂದು ದೊಡ್ಡ ಗಂಡು ಬಿಟ್ಟೆವು, ಅದು ಇದನ್ನು ಅಟ್ಟಿಸಿಕೊಂಡು ಹೋಗುತ್ತದೆ.

ಡಾಕ್ಟರ್: ಇದು ಮಲಾವಿ ಬ್ಲೋಟ್, ಅಂದರೆ ಈ ಮೀನುಗಳ ಹೊಟ್ಟೆ ಉಬ್ಬುವ ಕಾಯಿಲೆ ಥರ ಕಾಣುತ್ತದೆ. ರೆಡ್ ಜೀಬ್ರಾ ಬಂಡೆ ಮೇಲಿನ ಪಾಚಿ ಕೆರೆದು ತಿನ್ನುವ ಗುಂಪಿನ ಮೀನು. ಕರುಳು ಉದ್ದ. ದಿನಾ ಹುಳು ತಿನ್ನಿಸಿದರೆ ಕರುಳು ಕೆಡುತ್ತದೆ. ಮೇಲಿಂದ ಆ ಗಂಡಿನ ಕಾಟ. ಹೆದರಿ ಸೋತ ಮೀನಿಗೆ ಈ ಕಾಯಿಲೆ ಬೇಗ ಹಿಡಿಯುತ್ತದೆ. ಈಗಲೇ ಕಾಯಿಲೆ ಮೀನನ್ನು ಬೇರೆ ಟಬ್‌ಗೆ ಹಾಕಿ. ಅದೇ ಟ್ಯಾಂಕ್‌ನ ನೀರು 40 ಲೀಟರ್, ಏರ್ ಪಂಪ್ ಹಾಕಿ. ಆಹಾರ ಪೂರ್ತಿ ನಿಲ್ಲಿಸಿ. ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) 20 ಲೀಟರ್‌ಗೆ ಒಂದು ಟೀ ಚಮಚ, ಕರಗಿಸಿ ಸ್ವಲ್ಪ ಸ್ವಲ್ಪವೇ ಹಾಕಿ. ಕಲ್ಲುಪ್ಪು ಬೇರೆ, ಇದು ಬೇರೆ. ಕರುಳಿನ ಪರಾವಲಂಬಿ ಜೀವಿಗಳ ಔಷಧಿ ಮೆಟ್ರೋನಿಡಜೋಲ್ 40 ಲೀಟರ್‌ಗೆ 250 ಮಿಲಿಗ್ರಾಂ. ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಿಸಿ ಮೆಟ್ರೋನಿಡಜೋಲ್ ಮತ್ತೆ ಹಾಕಿ, ಒಟ್ಟು ಮೂರು ಸಲ. ಟಬ್‌ನಲ್ಲಿ ಕಾರ್ಬನ್ ಫಿಲ್ಟರ್ ಬೇಡ, ಔಷಧಿ ಹೀರಿಕೊಳ್ಳುತ್ತದೆ. ಮೇಲಿನಿಂದ ನೋಡಿ, ಮೈ ಮೇಲಿನ ಹುರುಪೆ ಎದ್ದು ನಿಂತಿದ್ದರೆ ತಕ್ಷಣ ತಿಳಿಸಿ. ಆ ಹಂತದಲ್ಲಿ ಉಳಿಯುವುದು ಕಷ್ಟ. ಟ್ಯಾಂಕ್‌ನ ಉಳಿದ ಮೀನಿಗೆ ಇವತ್ತಿನಿಂದ ಸ್ಪಿರುಲಿನಾ (ಪಾಚಿ) ಕಾಳು ಮಾತ್ರ.

ವಾಶಿ: ಅರಿಶಿನ ನಮ್ಮ ಅಜ್ಜಿ ಕಾಲದ ಔಷಧಿ ಸರ್. ಇಂಗ್ಲಿಷ್ ಮಾತ್ರೆ ಬರೆದರೆ ಮಾತ್ರ ವೈದ್ಯವಾ?

ಥಾಣೆ: ಅಜ್ಜಿ ಮಲಾವಿ ಮೀನು ಸಾಕಿದ್ದರಾ ಮಾರಾಯ್ರೆ? ಅವರ ಮೀನು ಸಾಯುತ್ತಿದೆ, ಸುಮ್ನಿರಿ.

ವಾಶಿ: ನೀವು ಯಾರು ನನಗೆ ಸುಮ್ನಿರಿ ಅನ್ನೋಕೆ?

ಡಾಕ್ಟರ್: ಇಬ್ಬರೂ ಪ್ರತ್ಯೇಕವಾಗಿ ಜಗಳ ಆಡಿ. ಇಲ್ಲಿ ಬೇಡ.

ಭಾಂಡುಪ್: ಫ್ಲವರ್‌ಹಾರ್ನ್ ಹಾಲ್‌ನಲ್ಲಿಟ್ಟರೆ ದುಡ್ಡು ಬರುತ್ತದಂತೆ. ವಾಸ್ತು ಪ್ರಕಾರ ಯಾವ ದಿಕ್ಕು?

ಥಾಣೆ: ಅದು 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೆರಕೆ ಮಾಡಿ ತೆಗೆದ ಮೀನು. ವಾಸ್ತುವಿಗೆ ಅದು ಯಾವಾಗ ಸೇರಿತು?

ಭಾಂಡುಪ್: ನಾನು ಡಾಕ್ಟರ್ ಹತ್ತಿರ ಕೇಳಿದ್ದು, ನಿಮ್ಮ ಹತ್ತಿರ ಅಲ್ಲ.

ಮುಲುಂಡ್: ಊರಿಗೆ ಹೋದಾಗ ಎರಡು ವಾರ ಆಹಾರಕ್ಕೆ ಏನು ಮಾಡೋದು?

ವಾಶಿ: ನಾನು ಪ್ರತಿ ವಾರ ಎಲ್ಲ ನೀರು ತೆಗೆದು, ಕಲ್ಲು, ಸ್ಪಂಜು ಎಲ್ಲ ನಲ್ಲಿ ಕೆಳಗೆ ತಿಕ್ಕುತ್ತೇನೆ. ಆದರೂ ಮೀನು ಸಾಯುತ್ತದೆ. ಅದಕ್ಕೂ ಮಾತ್ರೆ ಇದೆಯಾ?

ಡಾಕ್ಟರ್: ಮಾತ್ರೆ ಬೇಡ, ತಿಕ್ಕುವುದು ನಿಲ್ಲಿಸಿ. ನಲ್ಲಿಯ ಕ್ಲೋರಿನ್ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಸ್ಪಂಜನ್ನು ಟ್ಯಾಂಕ್‌ನಿಂದ ತೆಗೆದ ನೀರಿನಲ್ಲೇ ಹಿಂಡಿ. ವಾರಕ್ಕೆ ಕಾಲುಭಾಗ ನೀರು ಬದಲಿಸಿದರೆ ಸಾಕು.

ಘಾಟ್ಕೋಪರ್: ಸರ್, ಆಸ್ಕರ್ ಚಿಕ್ಕದಿದ್ದಾಗ 2 ಅಡಿಯಲ್ಲಿ ನಡೆಯುತ್ತಾ?

ಡಾಕ್ಟರ್: ಮೇಲೆ ಓದಿ.

ಘಾಟ್ಕೋಪರ್: ಓದಿದೆ. ದೊಡ್ಡದಾದ ಮೇಲೆ ಪವಾಯಿ ಕೆರೆಗೆ ಬಿಟ್ಟರಾಯ್ತು ಅಲ್ವಾ? ಅದೂ ಬದುಕಿಕೊಳ್ಳುತ್ತದೆ.

ಡಾಕ್ಟರ್: ಬಿಡಲೇಬೇಡಿ. ಅದು ಬದುಕಿಕೊಳ್ಳುತ್ತದೆ ಅನ್ನುವುದೇ ತೊಂದರೆ. 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯಾವೂ ಸಿಕ್ಲಿಡ್ ಕುಟುಂಬದ್ದೇ. ಊರೂರಿನ ಕೆರೆಗೆ ಹಬ್ಬಿ ನಮ್ಮ ಮೀನಿನ ಜಾಗ ತಿಂದಿತು. ಭಾರತದ್ದೇ ಅನ್ನುವ ಸಿಕ್ಲಿಡ್ ಮೂರೇ ಜಾತಿ. ಅದರಲ್ಲಿ ಒಂದು ನಮ್ಮ ದಕ್ಷಿಣ ಕನ್ನಡದ ನದಿಗಳದ್ದು. ಹೊರಗಿನ ಮೀನು ಕೆರೆಗೆ, ನದಿಗೆ ಬಿಡುವವರ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಸಾಕಲಾಗದಿದ್ದರೆ ಅಂಗಡಿಗೆ ವಾಪಸ್ ಕೊಡಿ.

ಕಾಂದಿವಲಿ: ಡಾಕ್ಟ್ರೇ, ಟಬ್‌ಗೆ ಹಾಕಿದೆ. ಹುರುಪೆ ಎದ್ದಿಲ್ಲ. ಉಸಿರಾಟ ಜೋರಾಗಿದೆ.

ಡಾಕ್ಟರ್: ಒಳ್ಳೆಯದು, ಇನ್ನೂ ಹೊತ್ತು ಮೀರಿಲ್ಲ. ಏರ್ ಪಂಪ್ ಜೋರು ಮಾಡಿ, ಮೇಲೆ ಬಟ್ಟೆ ಮುಚ್ಚಿ ಕತ್ತಲು ಮಾಡಿ. ರಾತ್ರಿ ಪದೇ ಪದೇ ತೆಗೆದು ನೋಡಬೇಡಿ. ಬೆಳಿಗ್ಗೆ ವಿಡಿಯೋ ಕಳಿಸಿ. ಅಲ್ಲಿಯವರೆಗೆ ಬೇರೆ ಯಾರೂ ಅವರಿಗೆ ಔಷಧಿ ಹೇಳಬೇಡಿ.